ಚೀಲದ ತೂಕ ಕಳೆದು

ಒಂದೇ ಒಂದು ಸಲ ಬಿಟ್ಟರೆ, ಅವರ ರವಿಕೆಯ ಎಡ ಹೆಗಲು ಒಣಗಿದ್ದನ್ನು ನಾನು ನೋಡಿಲ್ಲ. ಮಳೆಗಾಲ ಬೇಸಿಗೆ ಎಂಬ ಭೇದವಿಲ್ಲದೆ ಅಲ್ಲಿ ಅಂಗೈಯಗಲದ ಒಂದು ಒದ್ದೆ ಇರುತ್ತಿತ್ತು. ಯಾವುದಾದರೂ ಮಗು ಆ ಹೆಗಲ ಮೇಲೆ ಬಾಯಿ ತೆರೆದು ನಿದ್ದೆ ಹೋಗಿರುತ್ತಿತ್ತು, ಇಲ್ಲವೆ ಆಗಷ್ಟೇ ಎದ್ದು ಇಳಿದಿರುತ್ತಿತ್ತು. ಬಾಳೂರಿನಾಚೆಯ ಒಂದು ಕಾಫಿ ಎಸ್ಟೇಟಿನಲ್ಲಿ, ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಆಯಾ ಅವರು. ದೊಡ್ಡ ಮೈ. ಎರಡು ಕೂಸುಗಳು ಮಲಗಿದ ಮೇಲೂ ಅವರ ತೊಡೆಯಲ್ಲಿ ಮೂರನೆಯದಕ್ಕೆ ಜಾಗ ಉಳಿಯುತ್ತಿತ್ತು. ಅವರ ಬಗ್ಗೆ ಬರೆಯಲು ನಾನು ಕೂತದ್ದು ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ಎರಡು ಸಾಲು ಬರೆದು ಎದ್ದು ಹೋಗಿ, ಬೇಕಿಲ್ಲದ ಕಪಾಟು ಒರೆಸಿದ್ದೇನೆ.

ನಾನು ಡಾಕ್ಟರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಹೇಳಲಿರುವ ತಪ್ಪು ನನ್ನದೇ. ಚಿಕ್ಕಮಗಳೂರಿನ ಪೇಟೆಯಲ್ಲಿ ಹುಟ್ಟಿ ಬೆಳೆದವಳು ಓದು ಮುಗಿಸಿ ಆ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದಿದ್ದೆ. ಕಡ್ಡಿಯ ಹಾಗಿದ್ದೆ, ಅದು ನನ್ನ ಸಾಧನೆ ಎಂದೇ ನಂಬಿದ್ದೆ. ನಮ್ಮಪ್ಪನೂ ಕಡ್ಡಿ, ಅಜ್ಜಿಯೂ ಕಡ್ಡಿ ಎಂಬುದು ಹೊಳೆಯುವುದಕ್ಕೆ ನನಗೆ ಬಹಳ ಕಾಲ ಹಿಡಿಯಿತು. ದಪ್ಪಗಿರುವವರೆಲ್ಲ ಸೋಮಾರಿಗಳು ಎಂದು ಯಾವ ಪುಸ್ತಕದಲ್ಲೂ ಓದಿದ್ದಲ್ಲ, ಆದರೆ ಹೇಗೋ ಕಲಿತುಬಿಟ್ಟಿದ್ದೆ. ತಿಂಗಳಿಗೊಮ್ಮೆ ನಮ್ಮ ಆಸ್ಪತ್ರೆಯ ಸಿಸ್ಟರ್ ಜೊತೆ ಜೀಪಿನಲ್ಲಿ ಎಸ್ಟೇಟುಗಳಿಗೆ ಹೋಗಿ, ಕಾಫಿ ಒಣಗಿಸುವ ಕಣದಲ್ಲಿ ಮೇಜು ಹಾಕಿಸಿಕೊಂಡು ರೋಗಿಗಳನ್ನು ನೋಡುವುದು ನನ್ನ ಕೆಲಸವಾಗಿತ್ತು. ಸಿಸ್ಟರ್‌ಗೆ ನನ್ನ ತಾಯಿಯ ವಯಸ್ಸು. ಅವರ ಮಾತನ್ನೂ ನಾನು ಹೆಚ್ಚು ಕೇಳುತ್ತಿರಲಿಲ್ಲ.

ಆಯಾ ಅವರನ್ನು ನಾನು ಮೊದಲು ಕಂಡದ್ದು ಕೊಯ್ಲಿನ ಕಾಲದ ಒಂದು ಸಂಜೆ. ಸಾಲಿನಲ್ಲಿ ಕೊನೆಯವರಾಗಿ ಬಂದರು, ಬೇಕೆಂದೇ ಕೊನೆಯವರಾಗಿ ಬಂದಿದ್ದರು ಎಂದು ಈಗ ಅನ್ನಿಸುತ್ತದೆ. ಸ್ಟೂಲಿನ ಮೇಲೆ ಕೂತು, ಸುತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಸ್ವಲ್ಪ ಸುಸ್ತು ಡಾಕ್ಟ್ರಮ್ಮ. ಮತ್ತೆ ಒಂದು ಮಾತು..."

"ಸುಸ್ತಾಗದೆ ಇನ್ನೇನಾಗುತ್ತೆ? ಎಷ್ಟು ದಪ್ಪ ಇದೀಯ ನೋಡಿಕೊಂಡಿದೀಯಾ? ಏಳು, ಮೊದಲು ತೂಕ ನೋಡೋಣ" ಎಂದೆ.

ಇಡೀ ಎಸ್ಟೇಟು, ಧಣಿಗಳ ಮನೆಯವರೂ ಸೇರಿ, ಅವರನ್ನು ನೀವು ಎನ್ನುತ್ತಿತ್ತು. ನೀನು ಎಂದವಳು ನಾನೊಬ್ಬಳೇ.

ಜೀಪಿನಲ್ಲಿ ತಂದಿದ್ದ ನನ್ನ ತೂಕದ ಯಂತ್ರದ ಮೇಲೆ ಅವರು ನಿಂತರು. ಮುಳ್ಳು ಕೊನೆಯ ಗೆರೆ ದಾಟಿ ಅಲ್ಲೇ ಸಿಕ್ಕಿಕೊಂಡಿತು. ಕಣದ ಆಚೆ ತುದಿಯಲ್ಲಿ ಆಗ ಕಾಫಿ ಹಣ್ಣು ತೂಗುತ್ತಿದ್ದರು. ಕೊಯ್ದ ಹೆಂಗಸರು ಚೀಲ ಹೊತ್ತು ಸಾಲಾಗಿ ನಿಂತಿದ್ದರು. ದೊಡ್ಡ ಯಂತ್ರದ ಪಕ್ಕದಲ್ಲಿ ಎಸ್ಟೇಟಿನ ರೈಟರು ಪುಸ್ತಕ ಹಿಡಿದು ತೂಕ ಬರೆದುಕೊಳ್ಳುತ್ತಿದ್ದರು. ನನಗೊಂದು ಉಪಾಯ ಹೊಳೆಯಿತು. ಬಹಳ ಜಾಣ ಉಪಾಯ ಅಂದುಕೊಂಡೆ.

"ಅಲ್ಲಿ ಹೋಗಿ ನಿಲ್ಲು" ಎಂದೆ. ಸಿಸ್ಟರ್ ನನ್ನ ತೋಳು ಜಗ್ಗಿದರು. ಹೊತ್ತಾಯಿತು ಎನ್ನುತ್ತಿದ್ದಾರೆ ಅಂದುಕೊಂಡು ಕೈ ಬಿಡಿಸಿಕೊಂಡೆ.

ಆಯಾ ನನ್ನ ಮುಖ ನೋಡಿದರು, ಸಿಸ್ಟರ್ ಮುಖ ನೋಡಿದರು. ಡಾಕ್ಟರು ಹೇಳಿದ ಮೇಲೆ ಇಲ್ಲ ಎನ್ನುವ ಅಭ್ಯಾಸ ಆ ಕಡೆಯ ಕೆಲಸದವರಿಗಿಲ್ಲ. ಕಣ ದಾಟಿ ಹೋಗಿ, ಚಪ್ಪಲಿ ಬಿಟ್ಟು, ಯಂತ್ರದ ಹಲಗೆ ಹತ್ತಿದರು.

ಹಣ್ಣು ತೂಗುವಾಗ ಅಂಕಿಯನ್ನು ಕೂಗಿ ಹೇಳುವುದು ಅಲ್ಲಿಯ ಪದ್ಧತಿ. ಕೊಯ್ದವಳಿಗೂ ಕೇಳಬೇಕು, ಹಿಂದೆ ನಿಂತವಳಿಗೂ ಕೇಳಬೇಕು, ಯಾರಿಗೂ ಮೋಸ ಆಗಬಾರದು. ಕೂಗಿದ ಮೇಲೆ ಚೀಲದ ತೂಕವೆಂದು ಒಂದು ಕಿಲೋ ಕಳೆದು ಇನ್ನೊಮ್ಮೆ ಕೂಗುತ್ತಾರೆ. ರೈಟರು ಕೆಟ್ಟವರಲ್ಲ. ಅವರ ಕಣ್ಣು ಯಂತ್ರದ ಮೇಲಿತ್ತು, ಬಾಯಿ ವರ್ಷಗಟ್ಟಲೆಯ ಅಭ್ಯಾಸದಲ್ಲಿತ್ತು. ಇಡೀ ಕಣಕ್ಕೆ ಕೇಳುವ ಹಾಗೆ ಅಂಕಿ ಕೂಗಿದರು. ಅದರ ಬೆನ್ನಿಗೇ, "ಚೀಲಕ್ಕೆ ಒಂದು ಕಳೆದು..." ಎಂದು ಉಳಿದ ಅಂಕಿಯನ್ನೂ ಕೂಗಿಬಿಟ್ಟು, ಆಮೇಲೆ ನಾಲಿಗೆ ಕಚ್ಚಿಕೊಂಡರು. ಆ ಅಂಕಿಯನ್ನು ನಾನಿಲ್ಲಿ ಬರೆಯುವುದಿಲ್ಲ. ಊರಿಗೆಲ್ಲ ಒಂದು ಸಲ ಕೇಳಿದ್ದು ಸಾಕು.

ಸಾಲು ಗೊಳ್ಳೆಂದು ನಕ್ಕಿತು. ಆಯಾ ಕೂಡ ನಕ್ಕರು. "ಚೀಲ ಕಳೆದ್ರೂ ಒಳಗೆ ಇರೋದು ನಾನೇ ಮಾರಾಯ" ಎಂದು ರೈಟರಿಗೆ ಹೇಳಿ ಇಳಿದರು. ಅವರು ನಕ್ಕದ್ದನ್ನು ಕಂಡು ನನಗೆ ನಿರಾಳವಾಯಿತು. ಪರವಾಗಿಲ್ಲ, ಹೆಂಗಸು ಬೇಜಾರು ಮಾಡಿಕೊಂಡಿಲ್ಲ ಅಂದುಕೊಂಡೆ. ಅನ್ನ ಕಡಿಮೆ ಮಾಡು, ದಿನಾ ಅರ್ಧ ಗಂಟೆ ನಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಕೆಲಸದವರ ಮನೆಗಳಿಂದ, ಅವರು ಕೂಸುಗಳನ್ನು ನೋಡಿಕೊಳ್ಳುವ ಮಕ್ಕಳ ಮನೆಗೆ ಹದಿನಾಲ್ಕು ಕಲ್ಲಿನ ಮೆಟ್ಟಿಲು. ಸೊಂಟದ ಮೇಲೊಂದು ಮಗು ಇಟ್ಟುಕೊಂಡು ದಿನಕ್ಕೆ ಹತ್ತು ಸಲ ಅವನ್ನು ಹತ್ತಿಳಿಯುವ ಹೆಂಗಸಿಗೆ ನಾನು ನಡಿಗೆ ಹೇಳಿಕೊಟ್ಟೆ. ಅವರು "ಆಯ್ತು" ಎಂದು ಚೀಟಿ ಮಡಿಸಿ ತೆಗೆದುಕೊಂಡು ಹೋದರು. ದನಿ ತಗ್ಗಿಸಿ ಹೇಳಲು ಬಂದಿದ್ದ ಆ ಒಂದು ಮಾತು ಹಾಗೇ ಉಳಿಯಿತು.

ಮುಂದಿನ ತಿಂಗಳು ಅವರು ಕಾಣಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಮಕ್ಕಳನ್ನು ಚುಚ್ಚುಮದ್ದಿಗೆ ಬೇರೆ ಯಾರೋ ಕರೆತರುತ್ತಿದ್ದರು. ಬೇಸಿಗೆಯ ಕೊನೆಗೆ ಒಮ್ಮೆ ಜೀಪಿನಲ್ಲಿ ಸಿಸ್ಟರ್‌ನ ಕೇಳಿದೆ.

"ನಿಮ್ಮ ಜೀಪಿನ ಸದ್ದು ಕೇಳಿದ್ರೆ ಅವರು ತೋಟದ ಒಳಗೆ ಹೋಗಿ ಕೂತ್ಕೊಳ್ತಾರೆ ಮೇಡಂ. ಇಡೀ ಎಸ್ಟೇಟಿಗೆ ಗೊತ್ತುಂಟು" ಎಂದರು.

"ನಾನೇನು ಹೊಡೆದೆನಾ ಅವರಿಗೆ? ಇರೋದನ್ನೇ ಹೇಳಿದ್ದು" ಎಂದು ರೇಗಿದೆ. ಸಿಸ್ಟರ್ ರಸ್ತೆ ನೋಡುತ್ತ ಕೂತರು. ನನ್ನ ಸಿಟ್ಟು ಹದಿನೈದು ದಿನ ಇತ್ತು. ಆಮೇಲೆ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ಏನೋ ಕೊರೆಯತೊಡಗಿತು. ಆದರೂ ಮಕ್ಕಳ ಮನೆಯ ತನಕ ಹೋಗಿ ಮಾತಾಡಿಸಲಿಲ್ಲ. ಕೆಲಸ ಬಹಳ ಇದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆ ತೂಕದ ಸಂಜೆ ಕಳೆದು ಏಳು ತಿಂಗಳಾದ ಮೇಲೆ, ಮಳೆಗೆ ರಸ್ತೆಗೆ ಮರ ಬಿದ್ದು ಜೀಪು ಕೆಳಗೇ ನಿಂತ ಒಂದು ದಿನ, ನಾನು ಒಳದಾರಿಯಲ್ಲಿ ನಡೆದು ಹೋದೆ. ಸದ್ದಿಲ್ಲದೆ ಬಂದಿದ್ದೆನಲ್ಲ, ಆಯಾ ಮೆಟ್ಟಿಲ ಮೇಲೇ ಸಿಕ್ಕಿದರು. ಏಳನೆಯ ಮೆಟ್ಟಿಲಲ್ಲಿ ಗೋಡೆಗೊರಗಿ ಕೂತಿದ್ದರು, ಹೆಗಲ ಮೇಲೆ ಮಗು. ತುಟಿ ಬಿಳಿಚಿಕೊಂಡಿತ್ತು. ಏಳಲು ನೋಡಿದರು, ಆಗಲಿಲ್ಲ. ನಾನು ಒಂದು ಮೆಟ್ಟಿಲು ಕೆಳಗೆ ಕೂತೆ. ಅಷ್ಟರಲ್ಲಿ ಮಗು ಎದ್ದು ಅಳತೊಡಗಿತು.

"ಎಂತ ಆಯ್ತು, ಹೇಳು" ಎಂದರು ಅದಕ್ಕೆ.

ಅವರ ರೂಢಿ ಅದು, ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ಯಾವ ಮಗುವಿಗೂ ಅಳಬೇಡ ಎನ್ನುತ್ತಿರಲಿಲ್ಲ. ಮಾತು ಬಾರದ ಕೂಸಿಗೂ ಎಂತ ಆಯ್ತು ಹೇಳು ಎಂದು ಕೇಳಿ, ಅದು ಹೇಳೀತು ಎಂಬಂತೆ ಮುಖ ನೋಡುತ್ತ ಕಾಯುತ್ತಿದ್ದರು. ಅವತ್ತೂ ಕಾದರು. ಮಗು ಸುಮ್ಮನಾಯಿತು. ನನ್ನದೇ ಮಾತು ನನಗೆ ಸಿಗದೆ ಅವರ ಮಾತನ್ನೇ ತೆಗೆದುಕೊಂಡೆ.

"ನಿಮಗೆ ಎಂತ ಆಯ್ತು ಆಯಾ, ಹೇಳಿ."

ಅವರು ಮಗುವಿನ ಬೆನ್ನು ತಟ್ಟುತ್ತ ಹೇಳಿದರು. "ಅದನ್ನ ಹೇಳ್ಲಿಕ್ಕೆ ಅವತ್ತು ಬಂದಿದ್ದೆ ಡಾಕ್ಟ್ರಮ್ಮ. ಮುಟ್ಟು ನಿಂತು ಮೂರು ವರ್ಷ ಆಗಿತ್ತು, ಮತ್ತೆ ಹೋಗ್ಲಿಕ್ಕೆ ಶುರುವಾಗಿತ್ತು. ಸುತ್ತ ಗಂಡಸರಿದ್ರು, ಮೆಲ್ಲ ಹೇಳುವ ಅಂತ ಇದ್ದೆ. ನೀವು ತೂಕಕ್ಕೆ ನಿಲ್ಸಿದ್ರಿ."

ಮುಟ್ಟು ನಿಂತವರಿಗೆ ಮತ್ತೆ ರಕ್ತ ಹೋದರೆ ಏನನ್ನು ಹುಡುಕಬೇಕೆಂದು ಡಾಕ್ಟರಿಕೆ ಓದುವ ಮಕ್ಕಳಿಗೂ ಗೊತ್ತು. ಕ್ಷಮಿಸಿ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಬದಲಿಗೆ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದೆ, ಗಾಡಿ ಮಾಡಿಸಿದೆ, ನಾಲ್ಕಾರು ಕಡೆ ಫೋನು ಮಾಡಿದೆ. ನನಗೆ ಓಡಾಡುವುದು ಸುಲಭ.

ಗರ್ಭಕೋಶದ ಕ್ಯಾನ್ಸರ್. ಆಪರೇಶನ್ ಆಯಿತು. ಏಳು ತಿಂಗಳು ಮೊದಲೇ ಬಂದಿದ್ದರೆ ವ್ಯತ್ಯಾಸ ಆಗುತ್ತಿತ್ತೇ ಎಂದು ಅಲ್ಲಿಯ ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ" ಎಂದರು. ದಪ್ಪ ಮೈಯೂ ಈ ಕಾಯಿಲೆಗೆ ಒಂದು ಕಾರಣ ಎಂದೂ ಹೇಳಿದರು. ಅಂದರೆ ನಾನೆತ್ತಿದ ತೂಕದ ಮಾತು ಸುಳ್ಳಲ್ಲ. ಸುಳ್ಳಾಗಿದ್ದರೆ ಎಷ್ಟೋ ವಾಸಿಯಿತ್ತು. ಹೇಳಬೇಕಾದ ಮಾತೇ ಆಗಿತ್ತು, ಆದರೆ ಡಾಕ್ಟರನ್ನು ಕಂಡರೆ ಆ ಹೆಂಗಸು ಓಡಿಹೋಗುವ ಹಾಗೆ ಅದನ್ನು ಹೇಳಿದೆ. ಇದನ್ನು ಹೇಗೆ ತಿರುಗಿಸಿ ಇಟ್ಟರೂ ನೆಟ್ಟಗೆ ಕೂರುವುದಿಲ್ಲ.

ಆಯಾ ವಾಪಸು ಬಂದು ಮತ್ತೆ ಮಕ್ಕಳ ಮನೆ ಸೇರಿಕೊಂಡರು. ಒಂದು ದಿನ ತಾವಾಗಿಯೇ ನನ್ನ ಮೇಜಿನ ಹತ್ತಿರ ಬಂದು, "ಒಳಗೆ ಬನ್ನಿ" ಎಂದು ಮಕ್ಕಳ ಮನೆಯ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದರು.

"ಈಗ ತೂಕದ ಮಾತು ಆಡಿ. ಈಗ ಕೇಳ್ತೇನೆ."

ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು. "ನಾನು ದಪ್ಪ ಅಂತ ಮಾತ್ರ ಹೇಳ್ಬೇಡಿ. ಈ ಮೈ ಹೊತ್ತುಕೊಂಡು ದಿನಾ ಮೆಟ್ಟಿಲು ಹತ್ತೋದು ನಾನೇ ಅಲ್ವಾ, ನಂಗೆ ಗೊತ್ತಿಲ್ವಾ? ಗೊತ್ತಿದ್ದದ್ದನ್ನ ಇನ್ನೊಂದ್ಸಲ ಹೇಳಿದ್ರೆ ಅದು ಮದ್ದಲ್ಲ. ಗೊತ್ತಿಲ್ಲದ್ದು ಎಂತಾದ್ರೂ ಇದ್ರೆ ಹೇಳಿ."

ಗೊತ್ತಿಲ್ಲದ್ದು ನನ್ನ ಹತ್ತಿರ ಬಹಳ ಇರಲಿಲ್ಲ. ಗೊತ್ತಿಲ್ಲದವಳು ನಾನಾಗಿದ್ದೆ. ಅವರು ದಿನವಿಡೀ ಬೆಲ್ಲದ ಕಾಫಿ ಕುಡಿಯುತ್ತಿದ್ದರು, ಯಾಕೆಂದರೆ ಕೂತು ಉಣ್ಣಲು ಮಕ್ಕಳು ಬಿಡುತ್ತಿರಲಿಲ್ಲ. ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನೆಲ್ಲ ತಿನ್ನುತ್ತಿದ್ದರು. "ಅನ್ನ ಚೆಲ್ಲಲಿಕ್ಕೆ ನಂಗೆ ಕೈ ಬರೋದಿಲ್ಲ. ಅದಕ್ಕೆ ಎಂತ ಮಾಡುವ?" ಎಂದು ಕೇಳಿದರು. ಇಬ್ಬರೂ ಕೂತು ಯೋಚಿಸಿದೆವು. ಕೊನೆಗೆ ಅವರೇ, ಮಕ್ಕಳಿಗೆ ಮೊದಲು ಅರ್ಧ ಸೌಟು ಬಡಿಸುವುದು, ಕೇಳಿದರೆ ಮಾತ್ರ ಇನ್ನರ್ಧ, ಉಳಿದರೆ ಕೋಳಿಗೆ ಎಂದು ತೀರ್ಮಾನಿಸಿದರು. ತೂಕ ನೋಡಿ ಬರೆದುಕೊಳ್ಳಬಹುದು, ಆದರೆ ಬಾಯಲ್ಲಿ ಹೇಳಬಾರದು ಎಂದು ಕಟ್ಟುಮಾಡಿದರು. ಅವರ ಅಳತೆ ಮೆಟ್ಟಿಲು. ಎಷ್ಟನೆಯದರಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು ಎಂದು ಪ್ರತಿ ತಿಂಗಳು ಹೇಳುತ್ತಿದ್ದರು. ಒಂಬತ್ತು. ಹನ್ನೊಂದು. ಒಂದು ದಿನ ಸಿಸ್ಟರ್ ಕೈಯಲ್ಲಿ ಹೇಳಿ ಕಳಿಸಿದರು: "ಹದಿನಾಲ್ಕೂ ಆಯ್ತು, ಮಗು ಸಮೇತ." ಅವತ್ತು ಜೀಪಿನಲ್ಲಿ ನಾನು ಹಾಡು ಗುನುಗಿದೆ ಎಂದು ಸಿಸ್ಟರ್ ಈಗಲೂ ಛೇಡಿಸುತ್ತಾರೆ.

ಅದಾದ ಮೇಲಿನ ವರ್ಷ ಅವರ ಮೈ ಬೇಗ ಬೇಗ ಇಳಿಯತೊಡಗಿತು. "ಎಷ್ಟು ಚಂದ ಸಣ್ಣ ಆಗಿದೀರಿ ಆಯಾ, ಎಂತ ಬಿಟ್ರಿ ಮಾರಾಯ್ರೆ?" ಎಂದು ಹೆಂಗಸರು ದಾರಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ಅವರು ನಗುತ್ತಿದ್ದರು. ಕಾಯಿಲೆ ಹಿಂದಿರುಗಿದೆ ಎಂದು ಮಂಗಳೂರಿನವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು, ಅವರಿಗೂ ಗೊತ್ತಾಗಿತ್ತು.

ಆಯಾ ಈಗಿಲ್ಲ. ನನ್ನ ಆಸ್ಪತ್ರೆಯಲ್ಲಿ ತೂಕದ ಯಂತ್ರ ಪರದೆಯ ಹಿಂದಿದೆ. ಬಂದವರನ್ನು ಮೊದಲು ಎಂತ ಆಯ್ತು ಎಂದು ಕೇಳುತ್ತೇನೆ, ಹೇಳಿ ಮುಗಿಸುವ ತನಕ ಕಾಯುತ್ತೇನೆ. ತೂಕದ ಮಾತು ಬೇಕಾದರೆ, ಆಡಬಹುದೇ ಎಂದು ಕೇಳಿ ಆಡುತ್ತೇನೆ. ಒಳ್ಳೆಯವಳಾಗಿಬಿಟ್ಟೆ ಎಂದು ಇದನ್ನು ಬರೆಯುತ್ತಿಲ್ಲ. ನನ್ನ ಅವಸರ ಎಲ್ಲೂ ಹೋಗಿಲ್ಲ. ಸಂತೆಯ ದಿನ ಜನ ಬಾಗಿಲ ತನಕ ನಿಂತಿರುವಾಗ, ದಪ್ಪ ಮೈಯವರೊಬ್ಬರು ಎದುರು ಕೂತು ದನಿ ತಗ್ಗಿಸಿದರೆ ಇವತ್ತಿಗೂ ನಾಲಿಗೆಯ ತುದಿಗೆ ಅದೇ ಹಳೆಯ ಮಾತು ಬಂದು ನಿಲ್ಲುತ್ತದೆ. ಅದನ್ನು ನುಂಗುವುದರಲ್ಲೇ ನನ್ನ ದಿನ ಹೋಗುತ್ತದೆ.

ಅವರು ತೀರಿಕೊಳ್ಳುವುದಕ್ಕೆ ಕೆಲವು ವಾರಗಳ ಮುಂಚೆ, ಔಷಧದ ಪ್ರಮಾಣ ಲೆಕ್ಕ ಹಾಕಲು ತೂಕ ಬೇಕೆಂದು ಮಂಗಳೂರಿನಿಂದ ಫೋನು ಬಂತು. ನನ್ನ ಹಳೆಯ ಯಂತ್ರ ಹಿಡಿದುಕೊಂಡು ಅವರ ಮನೆಗೆ ಹೋದೆ. ಮಕ್ಕಳ ಮನೆಗೆ ಹೋಗುವುದನ್ನು ಅವರು ಅಷ್ಟು ಹೊತ್ತಿಗೆ ನಿಲ್ಲಿಸಿದ್ದರು. ಬಾಗಿಲು ಹಾಕಿ, "ತೂಕ ನೋಡಬಹುದಾ ಆಯಾ?" ಎಂದು ಕೇಳಿದೆ.

"ನೋಡಿ, ನೋಡಿ" ಎಂದು ನನ್ನ ಕೈ ಹಿಡಿದು ಹತ್ತಿದರು. ಅವತ್ತು ಕೊನೆಯ ಗೆರೆ ದಾಟಿ ಸಿಕ್ಕಿಕೊಂಡಿದ್ದ ಮುಳ್ಳು ಅರ್ಧಕ್ಕೇ ನಿಂತಿತು. ಬಾಯಿ ಬಿಡದೆ ಬರೆದುಕೊಂಡೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಚೀಲಕ್ಕೆ ಎಷ್ಟು ಕಳೆದ್ರಿ ಡಾಕ್ಟ್ರಮ್ಮ?" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅವರನ್ನು ಇಳಿಸಿ ಮಂಚದ ಮೇಲೆ ಕೂರಿಸಿ, ನಾನೂ ಪಕ್ಕದಲ್ಲಿ ಕೂತೆ. ಅವರು ಕೈ ಚಾಚಿ ನನ್ನ ತಲೆಯನ್ನು ಎಡ ಹೆಗಲಿಗೆ ಒರಗಿಸಿಕೊಂಡರು. ರವಿಕೆ ಈಗ ಸಡಿಲ, ಒಳಗಿನ ಮೂಳೆ ಕೆನ್ನೆಗೆ ತಾಗುತ್ತಿತ್ತು.

"ಎಂತ ಆಯ್ತು, ಹೇಳಿ" ಎಂದರು. ಆಮೇಲೆ ಕಾದರು.

"ಅವತ್ತು ತಪ್ಪು ಮಾಡಿದೆ ಆಯಾ" ಎಂದೆ. ಅಷ್ಟು ಹೇಳುವುದಕ್ಕೆ ನನಗೆ ಮೂರು ವರ್ಷ ಬೇಕಾಗಿತ್ತು. ಅವರು ಮಗುವಿಗೆ ತಟ್ಟುವ ಹಾಗೆ ನನ್ನ ಬೆನ್ನು ತಟ್ಟಿದರು. ನಾನು ಒರಗಿದಾಗ ಆ ಹೆಗಲು ಒಣಗಿತ್ತು. ಎದ್ದಾಗ ಒದ್ದೆಯಾಗಿತ್ತು.