ಮಾತ್ರೆ ಕೊಡದ ಡಾಕ್ಟ್ರಮ್ಮ

ಪಡೀಲಿನಲ್ಲಿ ನಮಗೊಬ್ಬರು ಡಾಕ್ಟ್ರಮ್ಮ ಇದ್ದರು. ಮಾತಿಗೆ ಮೊದಲು, ಮೈಯಲ್ಲಿ ನೀರು ಕಡಿಮೆಯಾಗಿದೆಯೋ ಎಂದು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ನೋಡುವವರು. ನನ್ನ ಮೊಮ್ಮಗಳಿಗೆ ರಕ್ತಭೇದಿಯಾದಾಗ ಆಸ್ಪತ್ರೆಯಲ್ಲಿ ಮಲಗಿಸಿಕೊಂಡರು. ರಿಪೋರ್ಟ್ ಬಂದ ಮೇಲೂ ಆ್ಯಂಟಿಬಯಾಟಿಕ್ ಕೊಡಲಿಲ್ಲ.

"ಪಕ್ಕದ ಮನೆಯ ಹುಡುಗನಿಗೆ ಇದೇ ರಕ್ತಭೇದಿಗೆ ಕೊಟ್ರಲ್ಲ, ನಮ್ಮದೆಂತ ಬಿಟ್ಟಿ ಸಿಕ್ಕಿದ ಮಗುವಾ?" ಎಂದು ಜಗಳಕ್ಕೆ ನಿಂತೆ.

"ಅವನ ಹೊಟ್ಟೆಯದ್ದು ಬೇರೆ ರೋಗಾಣು, ಮಾತ್ರೆಗೆ ಸಾಯ್ತದೆ. ಇವಳ ಹೊಟ್ಟೆಯದ್ದಕ್ಕೆ ಮಾತ್ರೆ ತಾಗಿದ್ರೆ ಇನ್ನೂ ವಿಷ ಕಾರಬಹುದು, ಕಿಡ್ನಿ ಹೋದೀತು ಮಾರಾಯ್ರೆ. ಉಚ್ಚೆ ಹೊಯ್ದಳಾ?"

ಬಂದಾಗಲೆಲ್ಲ ಅದೇ ಪ್ರಶ್ನೆ. ನಾನು ಇಲ್ಲವೆಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಮರುದಿನ ಹೊಟ್ಟೆ ಚಿವುಟಲು ಮಗುವನ್ನು ಮಡಿಲಿಗೆ ಎತ್ತಿಕೊಂಡರು. ಅದು ಅಲ್ಲೇ ಹೊಯ್ದುಬಿಟ್ಟಿತು.

"ಕಿಡ್ನಿ ಉಂಟು ಅಜ್ಜಿ, ಕಿಡ್ನಿ ಉಂಟು!" ಎಂದು ನಗುತ್ತ, ಒದ್ದೆ ಸೀರೆಯಲ್ಲೇ ಪಕ್ಕದ ಮಂಚದ ರೋಗಿಯ ಕಡೆಗೆ ನಡೆದರು.