ಸುರೇಖಾ ಕೊಟ್ಟ ಟೈಮ್

ಬಳಗಾನೂರಿನ ಸುರೇಖಾ ಮಸ್ಕಿಯ ಕಾಲೇಜಿನಲ್ಲಿ ಓದುವಾಗ ಬೇಸ್‌ಬಾಲ್ ತಂಡದ ಕ್ಯಾಚರ್. ಮುಖಕ್ಕೆ ಜಾಲರಿ ಕಟ್ಟಿ, ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವ ಆ ಜಾಗ ಬೇರೆ ಯಾರಿಗೂ ಬೇಡವಾಗಿತ್ತು. ನಾಟಿ ಗದ್ದೆಯಲ್ಲಿ ಬಗ್ಗಿದ ಮೈಗೆ ಇದೇನು ಮಹಾ ಅನ್ನುತ್ತಿದ್ದಳು. ಈಗ ಸಿಂಧನೂರಿನ ಶಾಲೆಯೊಂದರಲ್ಲಿ ಆಟದ ಟೀಚರು. ಹುಡುಗಿಯರ ಪಂದ್ಯಗಳಿಗೆ ಅಂಪೈರ್.

ನಮ್ಮ ಕಡೆ ಬ್ಯಾಟು ಹಿಡಿದವರೆಲ್ಲ ಮೊದಲು ಕ್ರಿಕೆಟ್ ಆಡಿದವರು. ಅಲ್ಲಿ ಕಣ್ಣಿಗೆ ಧೂಳು ಬಿದ್ದರೆ ಸರಿದು ನಿಂತರಾಯಿತು, ಆ ಚೆಂಡು ಲೆಕ್ಕಕ್ಕಿಲ್ಲ. ಬೇಸ್‌ಬಾಲಿನಲ್ಲಿ ಬ್ಯಾಟರ್ ಕೇಳಬೇಕು, ಅಂಪೈರ್ ಎರಡೂ ಕೈ ಎತ್ತಿ ‘ಟೈಮ್’ ಅನ್ನಬೇಕು. ಚೆಂಡೆಸೆಯುವವಳು, ಅಂದರೆ ಪಿಚ್ಚರ್, ಎಸೆಯಲು ಕಾಲೆತ್ತಿದ ಮೇಲೆ ಅದನ್ನು ಕೊಡಬಾರದು. ತಪ್ಪಿ ಕೊಟ್ಟರೂ ಆಟ ನಿಂತಂತೆಯೇ.

ಲಿಂಗಸುಗೂರಿನಲ್ಲಿ ಮಸ್ಕಿಗೂ ಹಟ್ಟಿಗೂ ಫೈನಲ್, ಅಂಪೈರ್ ಸುರೇಖಾ. ಕೊನೆಯ ಸರದಿ, ಇನ್ನೊಂದೇ ಔಟು ಬಾಕಿ. ಮಸ್ಕಿಗೆ ಒಂದು ರನ್ ಕಡಿಮೆ, ಬೇಸುಗಳ ಮೇಲೆ ಇಬ್ಬರು ಓಡಲು ಕಾದಿದ್ದರು. ಬ್ಯಾಟು ಹಿಡಿದಿದ್ದ ಗದ್ದೆಮ್ಮ ಹೊಡೆದರೆ ಕಪ್ಪು ಮಸ್ಕಿಗೆ, ಔಟಾದರೆ ಹಟ್ಟಿಗೆ. ಹಟ್ಟಿಯ ಸಂಘಮಿತ್ರಾ ಎಸೆಯಲು ಕಾಲೆತ್ತಿದಳು. ಅಷ್ಟರಲ್ಲಿ ಬದಿಯ ರಸ್ತೆಯಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರ್ ಹಾಯಿತು. ಗಾಳಿಯ ತುಂಬ ಹೊಟ್ಟು. ಗದ್ದೆಮ್ಮ ಕೈ ಎತ್ತಿದಳು. ಸುರೇಖಾ, ಯೋಚಿಸದೆ, ಎರಡೂ ಕೈ ಎತ್ತಿ “ಟೈಮ್!” ಅಂದಳು.

ಚೆಂಡು ಬಂದೇ ಬಂತು. ಗದ್ದೆಮ್ಮ ಹೊಡೆದೇ ಹೊಡೆದಳು. ಚೆಂಡು ಗೋಡೆಯವರೆಗೆ ಉರುಳಿತು, ಓಟಗಾರ್ತಿಯರಿಬ್ಬರೂ ಓಡಿ ಬಂದು ಹೋಮ್ ಪ್ಲೇಟ್ ಮುಟ್ಟಿದರು, ಎರಡು ರನ್.

“ರನ್ ಇಲ್ಲ. ಟೈಮ್ ಕೊಟ್ಟೀನಿ.”

“ಯವ್ವಾ, ಗೆದ್ದ ಮ್ಯಾಲ ನೆನಪಾತೇನು?” ಗೋಡೆ ಮೇಲಿಂದ ಯಾರೋ ಕೂಗಿದರು.

ಮಸ್ಕಿಯ ಕೋಚ್ ದುರುಗೇಶ ಸರ್ ಒಳಗೆ ಬಂದರು. ಸುರೇಖಾಳಿಗೆ ಆಟ ಕಲಿಸಿದವರು ಅವರೇ.

“ಲೇ ಸುರೇಖಾ, ಆಕಿ ಕಾಲೆತ್ತಿ ಆಗಿತ್ತು. ಆವಾಗ ಟೈಮ್ ಕೊಡಬಾರದು ಅಂತ ಕಲಿಸಿಲ್ಲೇನು ನಾ?”

“ಕಲಿಸೀರಿ ಸರ್. ತಪ್ಪು ನಂದಽ.”

“ಹಂಗಾರ ತಿದ್ದು. ರನ್ ಕೊಡು.”

“ನನ್ನ ಕೈ ನೋಡಿ ಹಟ್ಟಿ ಹುಡುಗ್ಯಾರು ನಿಂತುಬಿಟ್ಟಾರ್ರಿ. ಚೆಂಡಿನ ಹಿಂದ ಒಬ್ಬಾಕೀನೂ ಓಡಿಲ್ಲ. ನಿಂತವರ ಮ್ಯಾಲ ರನ್ ಹೆಂಗ ಕೊಡ್ಲಿ?”

ಸರ್ ಗದ್ದೆಮ್ಮನ ಕಡೆ ತಿರುಗಿದರು. “ನೀ ಟೈಮ್ ಕೇಳಿದ್ದೇನು?”

ಗದ್ದೆಮ್ಮ ಬ್ಯಾಟಿನ ತುದಿಯಿಂದ ಮಣ್ಣು ಕೆದರಿದಳು.

“ಕೇಳಿದ್ನಿರಿ.”

“ಹೊಡಿಯಾಕ ಬರ್ತದ, ಸುಮ್ನಿರಾಕ ಬರಂಗಿಲ್ಲ,” ಅಂದರು ಸರ್.

ಓಟಗಾರ್ತಿಯರು ತಮ್ಮ ಬೇಸುಗಳಿಗೆ ಮರಳಿದರು. ಮುಂದಿನ ಚೆಂಡನ್ನು ಗದ್ದೆಮ್ಮ ಮೇಲಕ್ಕೆ ಹೊಡೆದಳು. ಸಂಘಮಿತ್ರಾ ನಿಂತಲ್ಲೇ ಹಿಡಿದಳು. ಔಟು. ಸುರೇಖಾ ಮುಷ್ಟಿ ಎತ್ತಿದಳು. ಕಪ್ಪು ಹಟ್ಟಿಗೆ ಹೋಯಿತು.

ಮಸ್ಕಿಯವರು ಈಗ ಅವಳನ್ನು ಅಂಪೈರ್ ಆಗಲು ಕರೆಯುವುದಿಲ್ಲ. ಲಿಂಗಸುಗೂರಿನವರು ಕರೆಯುತ್ತಾರೆ. ಪಿಚ್ಚರ್ ಕಾಲೆತ್ತಿದ ಕೂಡಲೆ ಸುರೇಖಾ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಮೊನ್ನೆ ಜವಳಗೇರಾದ ಹುಡುಗಿಯೊಬ್ಬಳು ಧೂಳಿಗೆ ಸರಿದು ನಿಂತಳು; ಟೈಮ್ ಸಿಗದೆ, ಮೂರನೆಯ ಚೆಂಡೂ ತಪ್ಪಿ, ಹಾಗೇ ಔಟಾದಳು. ಜವಳಗೇರಾದವರೂ ಜಗಳಕ್ಕೆ ಬಂದರು.