ಸೊಳ್ಳೆಪರದೆಯೊಳಗಿನ ಬೂರುಗ

ಆ ದಿನವೂ ನಲ್ಲಿಗೆ ನೀರು ಬಂದ ಸದ್ದಿಗೇ ಎದ್ದೆ. ಒಂದು ಕೊಡ ತುಂಬುವಷ್ಟರಲ್ಲಿ ಒಲೆ ಹಚ್ಚಿದೆ, ಇನ್ನೊಂದು ತುಂಬುವಷ್ಟರಲ್ಲಿ ಅಂಗಳ ಗುಡಿಸಿದೆ, ಆಮೇಲೆ ಅತ್ತೆಗೆ ಚಹಾ ಒಯ್ದೆ. ಎಂಬತ್ತರ ದಶಕದ ಕೊನೆಯ ಬೇಸಗೆ ಅದು. ಸಿಂಧನೂರಿನ ನಮ್ಮ ಮನೆಯಲ್ಲಿ ಬೆಳಗು ಹೀಗೇ ಶುರುವಾಗುತ್ತಿತ್ತು. ಆದರೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅತ್ತೆಗೆ ಬೆಳಗು ಯಾವುದು, ರಾತ್ರಿ ಯಾವುದು ಎಂಬ ಗುರುತೇ ಉಳಿದಿರಲಿಲ್ಲ. ಮಗ್ಗುಲಾಗುವಂತಿರಲಿಲ್ಲ, ಅಂಗಾತ ಮಲಗಿ ಮಲಗಿ ತಲೆಯ ಹಿಂಭಾಗ ಕೆಂಪಾಗಿತ್ತು. ಕಣ್ಣು ಹತ್ತಿತು ಅನ್ನುವಷ್ಟರಲ್ಲಿ ನೋವು ಎಬ್ಬಿಸುತ್ತಿತ್ತು, ಅವರು ಓಣಿಗೆಲ್ಲ ಕೇಳುವಂತೆ ನನ್ನನ್ನು ಕೂಗುತ್ತಿದ್ದರು.

"ಲೇ ಹುಡುಗಿ, ತಲಿಗೆ ದಿಂಬ ಇಟ್ಟೀಯೋ, ಬೀಸೋಕಲ್ಲ ಇಟ್ಟೀಯೋ?"

ಹತ್ತಿಯ ಸೀಮೆಯ ದಿಂಬು. ತುಂಬಿದ ವರ್ಷವೇ ಗಂಟುಗಂಟಾಗುತ್ತದೆ. ಎರಡು ಬದಲಿಸಿ ನೋಡಿದ್ದೆ, ಉಪಯೋಗವಾಗಿರಲಿಲ್ಲ. ಅವರಿಗೆ ಒಂದು ಗಳಿಗೆಯಾದರೂ ಗಟ್ಟಿ ನಿದ್ದೆ ಬರಲಿ ಎಂಬುದಷ್ಟೇ ಆಗ ನನ್ನ ಹಾರೈಕೆ.

ಹಿತ್ತಲಲ್ಲಿ ತೀರಿಹೋದ ಮಾವ ನೆಟ್ಟ ಬೂರುಗದ ಮರವಿತ್ತು. ಕಾಲುವೆ ಕೆಲಸದಲ್ಲಿದ್ದ ಅವರು ಎಲ್ಲಿಂದಲೋ ಸಸಿ ತಂದಿದ್ದರಂತೆ. ಜೌಗಿನ ನೀರು ಕುಡಿದು ಅದು ಓಣಿಯ ಮಾಳಿಗೆಗಳನ್ನೆಲ್ಲ ಮೀರಿ ಬೆಳೆದಿತ್ತು. ಕಾಂಡದ ಮೇಲೆ ಮೊಂಡು ಮುಳ್ಳು. ಕೊಂಬೆಗಳು ಕಂಬಕ್ಕೆ ಅಡ್ಡ ಕಟ್ಟಿದ ಗಳುಗಳಂತೆ ನೇರ. ಬೇಸಗೆಯಲ್ಲಿ ಎಲೆಯೆಲ್ಲ ಉದುರಿ ಬರೀ ಕಾಯಿ ಜೋತಾಡುತ್ತಿದ್ದವು. "ಹಣ್ಣಿಲ್ಲ, ಬ್ಯಾಸಗ್ಯಾಗ ನೆಳ್ಳಿಲ್ಲ. ಮಾರಾಯ ಮುಳ್ಳ ನೆಟ್ಟು ಹೋದ," ಎಂದು ಅತ್ತೆ ಬೈಯುತ್ತಿದ್ದರು, ಆದರೂ ಕಡಿಸಲು ಯಾರನ್ನೂ ಬಿಟ್ಟಿರಲಿಲ್ಲ. ಕಾನ್ವೆಂಟಿನಲ್ಲಿ ನನಗೆ ಭೂಗೋಳ ಕಲಿಸಿದ ಸಿಸ್ಟರ್ ಮಾತ್ರ ಈ ಮರವನ್ನು ಹೊಗಳಿದ್ದರು. ಮಳೆಕಾಡಿನಲ್ಲಿ ಅದು ಬೇರೆ ಮರಗಳ ಮೇಲೆ ತಲೆಯೆತ್ತಿ ನಿಲ್ಲುತ್ತದೆ. ಅದರ ಅರಳೆ ನೀರು ಹೀರುವುದಿಲ್ಲ, ಹಡಗಿನವರು ಮುಳುಗದಿರಲೆಂದು ತೊಡುವ ಅಂಗಿಗೆ ಅದನ್ನೇ ತುಂಬುತ್ತಿದ್ದರು ಎಂದಿದ್ದರು. ಅಷ್ಟು ಹಗುರಾದದ್ದು ಅತ್ತೆಯ ತಲೆಗೂ ಆದೀತಲ್ಲವೇ?

ಕೆಳಗೆ ಬಿದ್ದ ಕಾಯಿಗಳಲ್ಲಿ ಅರ್ಧದಷ್ಟು ಬಿಡಿಸಿ, ನಾವು ಹತ್ತಿಗೆ ಮಾಡುವಂತೆಯೇ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ. ಇಳಿದು ಬಂದು ರೊಟ್ಟಿ ಬಡಿಯುತ್ತಿದ್ದಾಗ ಗೋಡೆಯಾಚೆಯಿಂದ ನೆರೆಮನೆಯಾಕೆಯ ದನಿ ಕೇಳಿತು.

"ಏ ಬಾಯೀ, ಬಾ ಇಲ್ಲಿ! ನಮ್ಮ ಶಾವಿಗಿಗೆ ಗಡ್ಡ ಬಂದೈತಿ. ಹಜಾಮನ್ನ ಕರೀಲ್ಯಾ?"

ಓಡಿ ಹೋಗಿ ನೋಡಿದೆ. ರಂಜಾನಿಗೆಂದು ಹೊರಸಿನ ಮೇಲೆ ಒಣಹಾಕಿದ್ದ ಹಸಿ ಶಾವಿಗೆಯ ತುಂಬ ಬೂರುಗದ ನವಿರು ಗಾಳಿಗೆ ಹಾರಿ ಬಂದು ಕೂತಿತ್ತು. ಮಾಳಿಗೆಯ ಮೇಲೆ ಬೀಜವಷ್ಟೇ ಉಳಿದಿತ್ತು.

"ತಪ್ಪಾತ್ರೀ, ಸಂಜೀಕ ಬಂದು ಆರಿಸಿ ಕೊಡತೀನಿ," ಎಂದೆ.

"ಆರ್ಸು, ಆರ್ಸು. ಒಂದ ಎಳಿ ಉಳದ್ರೂ ಹಬ್ಬದ ಪಾಯಸ ನಿನಗ ಕುಡಸ್ತೀನಿ."

ಅಷ್ಟರಲ್ಲಿ ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪಿನ ಬಂಗಾಳಿ ಹೆಂಗಸು ಕುಂಬಳಕಾಯಿ, ಸೊಪ್ಪಿನ ಬುಟ್ಟಿ ಹೊತ್ತು ಬಂದಳು. ವಾರಕ್ಕೊಮ್ಮೆ ಬರುವವಳು. ನನ್ನ ಕೂದಲಿಗೆ ಅಂಟಿದ್ದ ನವಿರನ್ನು ಬೆರಳಲ್ಲಿ ತೆಗೆದು, "ಶಿಮುಲ್!" ಎಂದು ಬೂರುಗಕ್ಕೆ ತನ್ನ ಭಾಷೆಯ ಹೆಸರು ಹೇಳಿ ನಕ್ಕಳು. ನಡೆದದ್ದನ್ನು ಹೇಳಿದೆ.

"ಇದು ಹತ್ತಿ ಅಲ್ಲಮ್ಮಾ, ಹೊಗಿ. ಹೊಗೀನ ಬಿಸಿಲಾಗ ಹಾಕತಾರೇನು? ಸೊಳ್ಳಿ ಪರದಿ ಐತಿಲ್ಲ? ಒಳಗ ಕುಂತು ಮಾಡಬೇಕು."

ಮನೆಯಲ್ಲಿದ್ದ ಪರದೆ ಒಂದೇ. ಅದು ಅತ್ತೆಯ ಮಂಚದ್ದು. ಫ್ಯಾನು ನಿಲ್ಲಿಸಿ, ಉಳಿದ ಕಾಯಿಗಳೊಂದಿಗೆ ನಾವಿಬ್ಬರೂ ಅವರ ಕಾಲ ಕಡೆ ನುಸುಳಿ ಕೂತೆವು.

"ನನ್ನ ಮ್ಯಾಲೆ ಕುಂತು ಕೋಳಿ ಪುಚ್ಚ ಕೀಳತೀರೇನಬೇ?" ಅತ್ತೆ ಸಿಡುಕಿದರು.

ಬಿಳಿ ನವಿರು ಪರದೆಯೊಳಗೆಲ್ಲ ತೇಲಿತು. ಸೆಕೆಗೆ ಮೂವರೂ ಬೆವೆತೆವು. ಮೆಣಸಿನಂಥ ಕರಿ ಬೀಜ ತಟ್ಟೆಗೆ ಬೀಳುತ್ತಿದ್ದವು. ತನ್ನ ತಾಯಿಯೂ ಇಂಥದೇ ದಿಂಬು ತುಂಬಿದ್ದಳು, ಊರು ಬಿಡುವಾಗ ಅದು ಅಲ್ಲೇ ಉಳಿಯಿತು ಎಂದಳು ಬಂಗಾಳಿ ಹೆಂಗಸು. ಅತ್ತೆ ಸಿಡುಕು ನಿಲ್ಲಿಸಿ ಅವಳನ್ನೇ ನೋಡಿದರು. ಆಮೇಲೆ ತಾವೂ ಒಂದು ಚಿಟಿಕೆ ತೆಗೆದುಕೊಂಡು ರೂಢಿಯಂತೆ ಬತ್ತಿ ಹೊಸೆಯಲು ನೋಡಿದರು. ಅದು ಅಂಗೈಯಿಂದ ಜಾರಿತು. ಮತ್ತೆ ಹೊಸೆದರು, ಮತ್ತೆ ಜಾರಿತು.

"ಕೈಯಾಗ ನಿಲ್ಲವಲ್ದು ನೋಡು," ಎಂದರು ಮೆಲ್ಲಗೆ. "ನೆಟ್ಟವರೂ ಹಿಂಗ. ಮನ್ಯಾಗ ನಿಂತಿದ್ದ ಕಂಡಿಲ್ಲ." ಹಾಗೆಂದವರು ಬೀಜ ಬಿಡಿಸಲು ಕೈ ಹಚ್ಚಿದರು.

ಕಾನ್ವೆಂಟಿನ ಹೊಲಿಗೆ ಪಾಠ ಅಂದು ಕೈಹಿಡಿಯಿತು. ಅರಳೆ ತುಂಬಿದ ದಿಂಬಿನ ಚೀಲಕ್ಕೆ ನವಿರು ನುಸುಳದಂತೆ ಒತ್ತೊತ್ತಾಗಿ, ಸೂಜಿ ಹಿಂದಕ್ಕೆ ಮರಳಿಸಿ ಹೊಲಿಗೆ ಹಾಕಿದೆ. ಊಟವಾದ ಮೇಲೆ ಅತ್ತೆಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ದಿಂಬಿಟ್ಟೆ.

"ತಲಿ ಎಲ್ಲಿ ಹೋತು ತಿಳೀವಲ್ದು," ಎಂದರು. ಅಷ್ಟೇ.

ನಾನು ಕೂಗಿಗಾಗಿ ಕಾದೆ. ಪಾತ್ರೆಗಳನ್ನು ಸದ್ದಾಗದಂತೆ ಇಟ್ಟೆ. ಕೂಗು ಬರಲಿಲ್ಲ. ಹೋಗಿ ಪರದೆ ಸರಿಸಿ ನೋಡಿದರೆ, ಅವರ ಮೇಲ್ದುಟಿಗೆ ಅಂಟಿದ ಒಂದೆಳೆ ನವಿರು ಉಸಿರಿಗೆ ಏಳುತ್ತ ಬೀಳುತ್ತಿತ್ತು. ಒರೆಸಲು ಹೋಗಲಿಲ್ಲ.

ಸಂಜೆ ನೆರೆಮನೆಯ ಕಟ್ಟೆಯಲ್ಲಿ ಶಾವಿಗೆ ಆರಿಸುತ್ತ ಕೂತಿದ್ದೆ. ಆಕೆ ಎಳೆಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತ, ಏನೋ ನೆನಪಾದವಳಂತೆ ಅಂದಳು:

"ಅಂದಂಗ, ನಿಮ್ಮ ಮುದುಕಿ ಮಂಚದ ಸಮೇತ ಮಸ್ಕಿಗೆ ಮಗಳ ಮನಿಗೆ ಹೋಗ್ಯಾಳೇನು? ಮಧ್ಯಾಹ್ನದಿಂದ ಒಂದೂ ಒದರಾಟಿಲ್ಲ."